‘ಬ್ರಹ್ಮಾಂಡದ ಸಿದ್ಧಾಂತ ಬುಡಮೇಲು’ ಅಂತ ಕೊಲೈಡರ್ ಸುದ್ದಿ ಬಂದ್ರ ಅದನ್ನ ಓದೂದು ಹೆಂಗ?

ವರ್ಷಕ್ಕ ಒಂದೆರಡು ಸಲ ಆದ್ರೂ ಈ ಸುದ್ದಿ ಬಂದೇ ಬರ್ತದ. ಪೇಪರಿನ ಒಳಗಿನ ಪುಟದಾಗ, ಇಲ್ಲಾ ವಾಟ್ಸಪ್ ಗ್ರೂಪಿನಾಗ, ‘ವಿಜ್ಞಾನಿಗಳೇ ದಂಗು, ಬ್ರಹ್ಮಾಂಡದ ಸಿದ್ಧಾಂತ ಬುಡಮೇಲು’ ಅಂತ ದಪ್ಪ ಅಕ್ಷರ, ಕೆಳಗ ನೀಲಿ ಪೈಪ್ ಇರೋ ಸುರಂಗದ ಅದೇ ಹಳೆ ಫೋಟೋ. ನಮ್ಮ ಕಲಬುರಗಿ ಕಡಿ ಪಿಯುಸಿ, ಬಿಎಸ್ಸಿ ಓದೋ ಹುಡುಗ್ರು ಅದನ್ನ ಫಾರ್ವರ್ಡ್ ಮಾಡಿ ‘ಸರ, ಹಂಗಾದ್ರ ನಮ್ಮ ಟೆಕ್ಸ್ಟ್‌ಬುಕ್ ಎಲ್ಲಾ ಸುಳ್ಳೇನ್ರಿ?’ ಅಂತ ಕೇಳ್ತಾರ.

ಹಂಗೇನಿಲ್ಲ ಬಿಡಪ್ಪಾ ಅಂತ ಒಂದೇ ಮಾತಿನಾಗ ಮುಗಸಬಹುದು, ಆದ್ರ ಅದು ಅರ್ಧ ಸುಳ್ಳ ಆಗ್ತದ. ಕೊಲೈಡರ್, ಅಂದ್ರ ಕಣಗಳನ್ನ ಜೋರಾಗಿ ಓಡಿಸಿ ಡಿಕ್ಕಿ ಹೊಡಸೋ ಯಂತ್ರ, ಅದರ ಫಲಿತಾಂಶಗಳು ಖರೇನೇ ಸಿದ್ಧಾಂತಗಳನ್ನ ಕೆಡವ್ಯಾವ, ಭಾಳ ಕೆಡವ್ಯಾವ, ಪೇಪರಿನಾಗ ಬರೋ ರೀತಿ ಅಲ್ಲ ಅಷ್ಟೇ. ಗದ್ದಲ ಎಬ್ಬಿಸಿದ ಸುದ್ದಿಗಳು ಬಹಳಷ್ಟು ಒಂದೆರಡು ವರ್ಷದಾಗ ತಣ್ಣಗಾಗ್ಯಾವ, ‘ಏನೂ ಸಿಗಲಿಲ್ಲ’ ಅನ್ನೋ ಸಪ್ಪಗಿನ ಪ್ರಬಂಧಗಳು ಮಾತ್ರ ಮೂವತ್ತು ನಲವತ್ತು ವರ್ಷ ಜನ ನಂಬಿಕೊಂಡು ಕುಂತಿದ್ದ ಸಿದ್ಧಾಂತಗಳ ಸೊಂಟ ಮುರದಾವ. ಇವೆರಡನ್ನ ಬ್ಯಾರೆ ಮಾಡ್ಲಾಕ ಬಂತಂದ್ರ ಯಾವ ಸುದ್ದಿ ಬಂದ್ರೂ ನೀವೇ ತೂಗಿ ನೋಡಬಹುದು. ಪಿಯುಸಿ ಮಟ್ಟದ ಗಣಿತ, ಫೋನಿನಾಗಿನ ಕ್ಯಾಲ್ಕುಲೇಟರ್ ಎರಡಿದ್ರ ಸಾಕು, ನಾ ಸುಮ್ಮ ಹೇಳ್ಲತ್ತಿಲ್ಲ.

ಹಿನ್ನೆಲೆ ಒಂದೆರಡು ಮಾತಿನಾಗ ಹೇಳಿ ಮುಂದ ಹೋಗ್ತೀನಿ. ಎಲ್‌ಎಚ್‌ಸಿ ಅಂದ್ರ ಜಿನೀವಾ ಹತ್ರ ಸ್ವಿಟ್ಜರ್ಲೆಂಡ್ ಫ್ರಾನ್ಸ್ ಗಡಿ ಕೆಳಗ ಸುಮಾರು 100 ಮೀಟರ್ ಆಳದಾಗ ಇರೋ 27 ಕಿಲೋಮೀಟರ್ ಸುತ್ತಳತೆಯ ಉಂಗುರ, ಸರ್ನ್ ಸಂಸ್ಥೆಯದು. ಎರಡೂ ದಿಕ್ಕಿನಿಂದ ಪ್ರೋಟಾನ್ ಓಡಿಸಿ ಡಿಕ್ಕಿ ಹೊಡಸ್ತಾರ, ಡಿಕ್ಕಿ ಆಗೋ ಜಾಗದಾಗ ಅಟ್ಲಾಸ್, ಸಿಎಂಎಸ್, ಎಲ್‌ಎಚ್‌ಸಿಬಿ, ಆಲಿಸ್ ಅಂತ ನಾಕು ದೊಡ್ಡ ಡಿಟೆಕ್ಟರ್ ಅವ. 2022ರಿಂದ ಡಿಕ್ಕಿಯ ಎನರ್ಜಿ 13.6 ಟಿಇವಿ. ಒಂದು ಟಿಇವಿ ಅಂದ್ರ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್, ಅದರ ಸಾವಿರದಾಗ ಒಂದು ಪಾಲು ಜಿಇವಿ, ಜಿಇವಿಯ ಸಾವಿರದಾಗ ಒಂದು ಪಾಲು ಎಂಇವಿ; ಕಣಗಳ ತೂಕನೂ ಇದರಾಗೇ ಹೇಳ್ತಾರ. ಇವರು ಪರೀಕ್ಷೆ ಮಾಡೋ ಸಿದ್ಧಾಂತದ ಹೆಸರು ಸ್ಟ್ಯಾಂಡರ್ಡ್ ಮಾಡೆಲ್, ಅದರಾಗ ಹದಿನೇಳು ಮೂಲಕಣ ಅವ, ಕೊನೇದು ಹಿಗ್ಸ್, ಅದು 2012ರ ಜುಲೈ 4ಕ್ಕ ಸಿಕ್ಕಿತು ಅಂತ ಘೋಷಣೆ ಆಯ್ತು. ನಮ್ಮ ದೇಶದವ್ರೂ ಇದರಾಗ ಅದಾರ, 2017ರಿಂದ ಭಾರತ ಸರ್ನ್‌ನ ಅಸೋಸಿಯೇಟ್ ಸದಸ್ಯ.

ಈಗ ಸುದ್ದಿಗೆ ಬರೋಣ. ಸುದ್ದಿಯೊಳಗ ‘5 ಸಿಗ್ಮಾ’ ಅಂತ ಒಂದು ಶಬ್ದ ಇದ್ದೇ ಇರ್ತದ. ಅದನ್ನ ನೋಡಿದ ತಕ್ಷಣ ಕೇಳಬೇಕಾದ ಪ್ರಶ್ನೆ: ಯಾವುದರ ವಿರುದ್ಧ 5 ಸಿಗ್ಮಾ? ಇದನ್ನ ಕೇಳದೇ ಇದ್ದದ್ದಕ್ಕೇ ಅರ್ಧ ಗೊಂದಲ ಹುಟ್ಟೂದು. ಸಿಗ್ಮಾ ಅಂದ್ರ ‘ನಾವು ಅಂದುಕೊಂಡದ್ದೇ ಖರೆ ಇದ್ದಿದ್ರ ಬರೇ ಆಕಸ್ಮಿಕದಿಂದ ಇಂಥ ಡೇಟಾ ಬರೋ ಸಾಧ್ಯತೆ ಎಷ್ಟು’ ಅನ್ನೋದರ ಅಳತೆ. 3 ಸಿಗ್ಮಾ ಅಂದ್ರ ಸುಮಾರು 740ಕ್ಕ ಒಂದು, 5 ಸಿಗ್ಮಾ ಅಂದ್ರ ಸುಮಾರು 35 ಲಕ್ಷಕ್ಕ ಒಂದು. 3 ದಾಟಿದ್ರ ‘ಎವಿಡೆನ್ಸ್’ ಅಂತಾರ, 5 ದಾಟಿದ್ರ ‘ಆಬ್ಸರ್ವೇಶನ್’ ಅಂತಾರ. ಆದ್ರ ‘ನಾವು ಅಂದುಕೊಂಡದ್ದು’ ಅಂದದ್ದು ಪ್ರತಿ ಸಲ ಸ್ಟ್ಯಾಂಡರ್ಡ್ ಮಾಡೆಲ್ಲೇ ಆಗಿರಬೇಕಂತ ಇಲ್ಲ, ಗೊಂದಲ ಇರೂದೇ ಇಲ್ಲಿ.

2025ರ ಒಂದು ಸುದ್ದಿ ನೋಡ್ರಿ. ಲ್ಯಾಂಬ್ಡಾ-ಬಿ ಅನ್ನೋ ಬೇರಿಯಾನ್ ಕಣ, ಅಂದ್ರ ನಮ್ಮ ಪ್ರೋಟಾನ್ ನ್ಯೂಟ್ರಾನ್ ಮನಿತನದ್ದೇ ಒಂದು ಭಾರಿ ಕಣ, ಅದು ಒಡಿಯೋ ರೀತಿಗೂ ಅದರ ಪ್ರತಿಕಣ ಒಡಿಯೋ ರೀತಿಗೂ ವ್ಯತ್ಯಾಸ ಅದ ಅಂತ ಎಲ್‌ಎಚ್‌ಸಿಬಿ ತೋರಿಸಿತು. ವ್ಯತ್ಯಾಸ ಸುಮಾರು 2.45 ಪರ್ಸೆಂಟ್, 5.2 ಸಿಗ್ಮಾ. ಬೇರಿಯಾನ್ ಜಾತಿಯೊಳಗ ಇದು ಮೊದಲನೇ ಸಲ, ದೊಡ್ಡ ಕೆಲಸನೇ. ಆದ್ರ ಸುದ್ದಿ ಏನು ಬಂತು? ‘ನಾವು ಯಾಕ ಇದ್ದೀವಿ ಅನ್ನೋದಕ್ಕ ಉತ್ತರ ಸಿಕ್ಕಿತು, ಹಳೆ ಸಿದ್ಧಾಂತಕ್ಕ ಪೆಟ್ಟು’ ಅಂತ. ಪೆಟ್ಟು ಎಲ್ಲಿಂದ ಬಂತ್ರಿ? ಆ 5.2 ಸಿಗ್ಮಾ ಇದ್ದದ್ದು ‘ವ್ಯತ್ಯಾಸ ಸೊನ್ನೆ’ ಅನ್ನೋದರ ವಿರುದ್ಧ. ಸ್ಟ್ಯಾಂಡರ್ಡ್ ಮಾಡೆಲ್ ಯಾವತ್ತೂ ಸೊನ್ನೆ ಅಂದೇ ಇಲ್ಲ, ಸ್ವಲ್ಪ ವ್ಯತ್ಯಾಸ ಇರ್ತದ ಅಂತಲೇ ಹೇಳ್ಯದ. ಖರೆ ತಲಿನೋವು ಬ್ಯಾರೇನೇ ಅದ: ಬ್ರಹ್ಮಾಂಡದಾಗ ಪ್ರತಿದ್ರವ್ಯ ಹೋಗಿ ಬರೇ ದ್ರವ್ಯ ಉಳೀಬೇಕಂದ್ರ ಎಷ್ಟು ವ್ಯತ್ಯಾಸ ಬೇಕೋ ಅದಕ್ಕ ಸ್ಟ್ಯಾಂಡರ್ಡ್ ಮಾಡೆಲ್ ಕೊಡೂದು ಯಾತಕ್ಕೂ ಸಾಲಂಗಿಲ್ಲ, ಭಾಳ ಭಾಳ ಕಡಿಮಿ. ಆ ಕೊರತೆ ಈ ಫಲಿತಾಂಶ ಬರೋಕಿಂತ ಮೊದ್ಲೂ ಇತ್ತು, ಬಂದ ಮ್ಯಾಲೂ ಹಂಗೇ ಅದ.

ಆಮ್ಯಾಲ ಎರಡು ನಂಬರ್ ಹುಡುಕ್ರಿ, ಒಂದು ಅಳತೆದು, ಒಂದು ಸಿದ್ಧಾಂತದ್ದು, ಎರಡರ ಮುಂದೂ ಇರೋ ‘ಪ್ಲಸ್ ಮೈನಸ್’ ಸಮೇತ. ಪ್ಲಸ್ ಮೈನಸ್ ಇಲ್ಲದ ಸುದ್ದಿಯನ್ನ ಅಲ್ಲಿಗೇ ಬಿಟ್ಟುಬಿಡ್ರಿ, ಅದರಾಗ ತೂಗೂದಕ್ಕ ಏನೂ ಇಲ್ಲ.

ಡಬ್ಲ್ಯೂ ಬೋಸಾನ್, ಅಂದ್ರ ದುರ್ಬಲ ಬಲ ಹೊತ್ತೊಯ್ಯೋ ಒಂದು ಮೂಲಕಣ, ಅದರ ಕಥಿ ತೊಗೊಂಡು ನಾವೇ ಒಂದು ಲೆಕ್ಕ ಮಾಡೋಣ, ಯಾಕಂದ್ರ ಕಲೀಲಾಕ ಇದರಷ್ಟು ಚಲೋ ಉದಾಹರಣೆ ಮತ್ತೊಂದಿಲ್ಲ. ಅಮೆರಿಕದ ಶಿಕಾಗೋ ಹತ್ರ ಫರ್ಮಿಲ್ಯಾಬಿನಾಗ ಟೆವಟ್ರಾನ್ ಅಂತ ಕೊಲೈಡರ್ ಇತ್ತು, 2011ರ ಸೆಪ್ಟೆಂಬರ್ ಕೊನೆಗೆ ಬಂದ್ ಆಯ್ತು. ಬಂದ್ ಆದ ಮ್ಯಾಲ ಹತ್ತು ವರ್ಷ ಕುಂತು ಅದರ ಸಿಡಿಎಫ್ ತಂಡದವ್ರು ಸುಮಾರು 42 ಲಕ್ಷ ಡಬ್ಲ್ಯೂ ಕಣಗಳ ಡೇಟಾ ಜಾಲಾಡಿ 2022ರ ಏಪ್ರಿಲ್‌ನಾಗ ಹೇಳಿದ್ರು: ಡಬ್ಲ್ಯೂ ದ್ರವ್ಯರಾಶಿ 80,433.5 ಎಂಇವಿ, ಪ್ಲಸ್ ಮೈನಸ್ 9.4. ಸಿದ್ಧಾಂತ ಹೇಳಿದ್ದು 80,357, ಪ್ಲಸ್ ಮೈನಸ್ 6. ಕ್ಯಾಲ್ಕುಲೇಟರ್ ತಗೀರಿ. ವ್ಯತ್ಯಾಸ 76.5. ಈಗ ಎರಡೂ ದೋಷಗಳನ್ನ ವರ್ಗ ಮಾಡಿ ಕೂಡಿಸಿ ವರ್ಗಮೂಲ ತಗೀರಿ, 88 ಮತ್ತ 36 ಕೂಡಿ 124, ಮೂಲ ಸುಮಾರು 11.1. 76.5ನ್ನ 11.1ರಿಂದ ಭಾಗಿಸಿದ್ರ ಹತ್ರ ಹತ್ರ 7. ಪೇಪರಿನಾಗ ‘7 ಸಿಗ್ಮಾ’ ಅಂತ ಬಂದದ್ದು ಇದೇ ನಂಬರ್, ನೋಡ್ರಿ, ನೀವೇ ತಗದ್ರಿ. ಏಳು ಸಿಗ್ಮಾ ಅಂದ್ರ ಆಕಸ್ಮಿಕ ಅನ್ನೋ ಮಾತೇ ಇಲ್ಲ. ಅವತ್ತು ಎಲ್ಲರೂ ಸಿದ್ಧಾಂತ ಮುಗೀತು ಅಂತ ಕುಣಿದಾಡಿದ್ರು.

ಲೆಕ್ಕ ಇಲ್ಲಿಗೇ ನಿಲ್ಲಸಬ್ಯಾಡ್ರಿ. 2024ರ ಸೆಪ್ಟೆಂಬರಿನಾಗ ಸಿಎಂಎಸ್ ಅದೇ ಡಬ್ಲ್ಯೂ ಅಳದು 80,360.2 ಪ್ಲಸ್ ಮೈನಸ್ 9.9 ಅಂತು, ಅಂದ್ರ ಹೆಚ್ಚು ಕಮ್ಮಿ ಸಿಡಿಎಫ್‌ನಷ್ಟೇ ಬಾರೀಕ್ ಅಳತೆ. ಸಿದ್ಧಾಂತಕ್ಕೂ ಇದಕ್ಕೂ ವ್ಯತ್ಯಾಸ ಬರೇ 3.2, ಒಂದು ಸಿಗ್ಮಾದ ಮೂರನೇ ಭಾಗನೂ ಇಲ್ಲ. ಅಟ್ಲಾಸ್ ತೆಗೆದ ಉತ್ತರನೂ ಇದರ ಆಜುಬಾಜೂನೇ, 80,366.5. ಈಗ ಇದೇ ಸೂತ್ರಕ್ಕ ಸಿಡಿಎಫ್ ಮತ್ತ ಸಿಎಂಎಸ್ ಎರಡನ್ನೂ ಹಾಕಿ ನೋಡ್ರಿ: ವ್ಯತ್ಯಾಸ 73.3, ದೋಷ ಸುಮಾರು 13.7, ಉತ್ತರ 5ರ ಮ್ಯಾಲ. ಎರಡರಾಗೂ ಹಂಚಿಕೊಂಡ ದೋಷ ಸ್ವಲ್ಪ ಇರ್ತದ, ಹಂಗಾಗಿ ಇದು ಒರಟು ಲೆಕ್ಕ, ಆದ್ರೂ ಅರ್ಥ ಸ್ಪಷ್ಟ ಅದ. ಜಗಳ ಈಗ ಪ್ರಯೋಗ ಮತ್ತ ಸಿದ್ಧಾಂತದ ನಡುವ ಇಲ್ಲ, ಎರಡು ಪ್ರಯೋಗಗಳ ನಡುವ ಅದ. ಒಂದೇ ಕಣಕ್ಕ ಎರಡು ತೂಕ ಇರ್ಲಾಕ ಸಾಧ್ಯ ಇಲ್ಲ, ಹಂಗಾದ್ರ ಯಾವುದೋ ಒಂದು ಕಡಿ ಅಳತೆಯೊಳಗೇ ಏನೋ ಜಾರ್ಯಾದ, ಎಲ್ಲಿ ಅಂತ ಇನ್ನೂ ತಿಳಿದಿಲ್ಲ. ಒಂದೇ ತಂಡದ ನಂಬರ್ ಮ್ಯಾಲ ಸಿದ್ಧಾಂತಕ್ಕ ಶ್ರದ್ಧಾಂಜಲಿ ಬರೀಬಾರದು ಅನ್ನೋದು ಇದಕ್ಕೇ.

‘ಅಷ್ಟು ಲಕ್ಷ ಕಣ ನೋಡ್ಯಾರ, ತಪ್ಪು ಹೆಂಗ ಆಗ್ತದ್ರಿ?’ ಅಂತ ಯಾರರ ಕೇಳೇ ಕೇಳ್ತಾರ. ನಮ್ಮ ಎಪಿಎಂಸಿಯೊಳಗ ತೊಗರಿ ತೂಕ ಹಾಕೋದನ್ನ ನೆನಸ್ಕೊಳ್ರಿ. ಕಾಂಟಾನೇ ಚೀಲಕ್ಕ ಕಾಲ್ ಕಿಲೋ ಕಮ್ಮಿ ತೋರಸ್ತದ ಅಂದ್ರ ನೀವು ಹತ್ತು ಚೀಲ ತೂಗ್ರಿ, ಹತ್ತು ಸಾವಿರ ಚೀಲ ತೂಗ್ರಿ, ಆ ಕಾಲ್ ಕಿಲೋ ಹೋಗಂಗಿಲ್ಲ. ಚೀಲ ಹೆಚ್ಚು ತೂಗಿದಷ್ಟೂ ಕಮ್ಮಿ ಆಗೋ ದೋಷ ಒಂದು, ಅದಕ್ಕ ಸ್ಟಾಟಿಸ್ಟಿಕಲ್ ಅಂತಾರ, ಕಾಂಟಾದ ದೋಷ ಇನ್ನೊಂದು, ಅದಕ್ಕ ಸಿಸ್ಟಮ್ಯಾಟಿಕ್ ಅಂತಾರ. ಪ್ರಬಂಧದಾಗ ಎರಡನ್ನೂ ಬ್ಯಾರೆ ಬ್ಯಾರೆ ಬರದಿರ್ತಾರ, ಎರಡು ಪ್ಲಸ್ ಮೈನಸ್ ಕಂಡ್ರ ಎರಡನೇದು ಸಾಮಾನ್ಯವಾಗಿ ಕಾಂಟಾದ್ದು. ಎರಡನೇದು ದೊಡ್ಡದಿದ್ರ ‘ಇನ್ನಷ್ಟು ಡೇಟಾ ಬರ್ಲಿ’ ಅಂದ್ರ ಉಪಯೋಗ ಕಮ್ಮಿ.

ಈ ಕಾಂಟಾ ಸರಿ ಇಡೂದು ಎಷ್ಟು ಕಷ್ಟ ಅಂತ ತಿಳೀಬೇಕಂದ್ರ ಎಲ್‌ಎಚ್‌ಸಿಕಿಂತ ಮೊದ್ಲು ಅದೇ ಸುರಂಗದಾಗ 1989ರಿಂದ 2000ದ ತನಕ ಓಡಿದ ಲೆಪ್ ಯಂತ್ರದ ಕಥಿ ಓದ್ರಿ, ನನಗಂತೂ ಇದು ಭಾಳ ಇಷ್ಟ. ಡಬ್ಲ್ಯೂ ಬಳಗದ್ದೇ ಆದ ಜೆಡ್ ಬೋಸಾನ್ ತೂಕ ಅಳಿಯೂ ಮುಂದ ಬೀಮಿನ ಎನರ್ಜಿ ಸುಮ್ಮಸುಮ್ಮನ ಏರಿಳಿತ ಆಗ್ಲಾಕತ್ತಿತು. ಹುಡುಕಿದ್ರ, ಚಂದ್ರ! ಸಮುದ್ರದಾಗ ಭರತ ಇಳಿತ ಆಗೋ ಹಂಗ ನೆಲನೂ ಸ್ವಲ್ಪ ಎದ್ದು ಕುಂದುತ್ತಿತ್ತು, 27 ಕಿಲೋಮೀಟರ್ ಉಂಗುರ ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು, ಅಷ್ಟಕ್ಕೇ ಅಳತಿ ಕೆಡ್ತಿತ್ತು. ಜಿನೀವಾ ಸರೋವರದ ನೀರು ಹೆಚ್ಚು ಕಮ್ಮಿ ಆದ್ರ ಮತ್ತೊಂದಿಷ್ಟು. ಅದನ್ನೆಲ್ಲಾ ಲೆಕ್ಕಕ್ಕ ತೊಗೊಂಡ ಮ್ಯಾಲೂ ಹಗಲೊತ್ತಿನಾಗ ಒಂದು ನಾಯ್ಸ್ ಉಳೀತು, ರಾತ್ರಿ ಕೆಲವು ತಾಸು ಮಾತ್ರ ಶಾಂತ. ಕೊನೆಗೆ ನೋಡಿದ್ರ ಪ್ಯಾರಿಸ್‌ಗೆ ಹೋಗೋ ಟಿಜಿವಿ ರೈಲು, ಅದರ ಕರೆಂಟು ಹಳಿಯಿಂದ ನೆಲಕ್ಕ ಸೋರಿ ಬೀಮ್ ಪೈಪಿನಾಗ ಹಾದು ಹೋಗ್ತಿತ್ತು. ಇಷ್ಟೆಲ್ಲಾ ತಿದ್ದಿದ ಮ್ಯಾಲೇ ಜೆಡ್ ತೂಕ 91,187.5 ಎಂಇವಿ, ಪ್ಲಸ್ ಮೈನಸ್ 2.1 ಅಂತ ಬಂತು. ಆ 2.1 ಅನ್ನೋ ಸಣ್ಣ ನಂಬರಿನ ಹಿಂದ ಚಂದ್ರ, ಕೆರಿ, ರೈಲು ಎಲ್ಲಾ ಅವ.

ಎಲ್ಲಾ ಸಲ ಹಿಂಗ ಮೊದ್ಲೇ ಸಿಗಂಗಿಲ್ಲ. 2021ರ ಮಾರ್ಚಿನಾಗ ಎಲ್‌ಎಚ್‌ಸಿಬಿ ಒಂದು ಅನುಪಾತ ಹೇಳಿತು: ಬಿ ಮೆಸಾನ್ ಅನ್ನೋ ಭಾರಿ ಕಣ ಒಡೆದು ಕೇಯಾನ್ ಅನ್ನೋ ಹಗುರ ಕಣದ ಜೊತಿ ಎರಡು ಮ್ಯುವಾನ್ (ಎಲೆಕ್ಟ್ರಾನಿನ ಭಾರಿ ಅಣ್ಣ) ಬರೂದು ಎಷ್ಟು ಸಲ, ಎರಡು ಎಲೆಕ್ಟ್ರಾನ್ ಬರೂದು ಎಷ್ಟು ಸಲ. ಸಿದ್ಧಾಂತದ ಪ್ರಕಾರ ಎರಡೂ ಸಮ, ಅನುಪಾತ ಒಂದು. ಬಂದದ್ದು 0.846, 3.1 ಸಿಗ್ಮಾ. ನಿಸರ್ಗ ಎಲೆಕ್ಟ್ರಾನ್ ಮ್ಯುವಾನ್ ನಡುವ ಭೇದ ಮಾಡ್ತದ, ಹೊಸ ಬಲ ಅದ ಅಂತ ದೊಡ್ಡ ಸುದ್ದಿ ಆಯ್ತು. 2022ರ ಡಿಸೆಂಬರಿನಾಗ ಅದೇ ತಂಡ, ಅದೇ ಡೇಟಾ, ಇನ್ನಷ್ಟು ಹುಷಾರಿಯಿಂದ ನೋಡಿತು. ಪಯಾನ್ ಕೇಯಾನ್‌ನಂಥ ಕಣಗಳು ಎಲೆಕ್ಟ್ರಾನ್ ವೇಷ ಹಾಕ್ಕೊಂಡು ಲೆಕ್ಕದೊಳಗ ನುಗ್ಗಿದ್ದವು. ಅವನ್ನ ತಗದ ಮ್ಯಾಲ ಅನುಪಾತ ಒಂದರ ಹತ್ರ ಬಂತು, ಮುಗೀತು. ತಮ್ಮ ಸುದ್ದಿಯನ್ನ ತಾವೇ ವಾಪಸ್ ತೊಗೊಂಡ್ರು ನೋಡ್ರಿ, ನನಗ ಆ ತಂಡದ ಮ್ಯಾಲ ಗೌರವ ಹೆಚ್ಚಾದದ್ದು ಅವಾಗೇ. ಪೇಪರಿನಾಗ ಮಾತ್ರ ಮೊದಲನೇದಕ್ಕ ಸಿಕ್ಕ ಜಾಗ ಎರಡನೇದಕ್ಕ ಸಿಗಲಿಲ್ಲ.

‘ಉಬ್ಬು’ ಸುದ್ದಿ ಅಂದ್ರ ಮತ್ತೊಂದು ಜಾತಿ. ಗ್ರಾಫಿನ ಗೆರಿ ನುಣ್ಣಗ ಇಳಕೊಂಡು ಹೋಗ್ತಿರ್ತದ, ನಡುವ ಒಂದು ಕಡಿ ಸಣ್ಣ ಉಬ್ಬು, ಅಲ್ಲಿ ಹೊಸ ಕಣ ಅದ ಅಂತಾರ. 2015ರ ಡಿಸೆಂಬರಿನಾಗ ಅಟ್ಲಾಸ್ ಮತ್ತ ಸಿಎಂಎಸ್ ಎರಡಕ್ಕೂ 750 ಜಿಇವಿ ಹತ್ರ ಎರಡು ಫೋಟಾನ್ ಬರೋ ಘಟನೆಗಳು ಸ್ವಲ್ಪ ಜಾಸ್ತಿ ಕಂಡವು. ಇಲ್ಲಿ ನೀವು ಹುಡುಕಬೇಕಾದದ್ದು ಎರಡು ಶಬ್ದ, ‘ಲೋಕಲ್’ ಮತ್ತ ‘ಗ್ಲೋಬಲ್’. ಅಟ್ಲಾಸಿನ ಲೋಕಲ್ ಸಿಗ್ಮಾ 3.6 ಇತ್ತು, ಗ್ಲೋಬಲ್ ಬರೇ 2 ಇತ್ತು. ಯಾಕ ಇಷ್ಟು ಫರಕ್? 740ಕ್ಕ ಒಂದು ಸಲ ಆಗೋ ಆಕಸ್ಮಿಕನ್ನ ನೀವು ನೂರಾರು ಜಾಗದಾಗ ಹುಡುಕಿದ್ರ ಒಂದರ ಕಡಿ ಸಿಕ್ಕೇ ಸಿಗ್ತದ. ಒಂದೇ ಜಾಗ ನೋಡ್ಕೊಂಡು ಲೆಕ್ಕ ಹಾಕಿದ್ರ ಲೋಕಲ್, ಹುಡುಕಿದ ಜಾಗ ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರ ಗ್ಲೋಬಲ್. ಸುದ್ದಿ ಬರಿಯೋರು ಯಾವಾಗ್ಲೂ ದೊಡ್ಡದನ್ನೇ ಹಾಕ್ತಾರ, ನೀವು ಸಣ್ಣದನ್ನ ಹುಡುಕ್ರಿ. ಆ ಉಬ್ಬಿನ ಮ್ಯಾಲ ಸಿದ್ಧಾಂತದವ್ರು ಐನೂರರ ಹತ್ರ ಪ್ರಬಂಧ ಬರದ್ರು. 2016ರ ಆಗಸ್ಟಿನಾಗ ಹೆಚ್ಚಿನ ಡೇಟಾ ಬಂತು, ಉಬ್ಬು ಮಾಯ. ಐನೂರು ಪ್ರಬಂಧ ಇಲ್ಲದ ಕಣದ ಮ್ಯಾಲ, ಹೆಂಗ ಅದ ನೋಡ್ರಿ.

ನಗಬ್ಯಾಡ್ರಿ, ನಮ್ಮ ರಾಜ್ಯದಾಗೂ ಇಂಥದ್ದು ಆಗ್ಯಾದ. ಕೋಲಾರದ ಚಿನ್ನದ ಗಣಿಯೊಳಗ 1965ರಾಗ ವಾತಾವರಣದ ನ್ಯೂಟ್ರಿನೋ ಹಿಡಿದ ಪ್ರಯೋಗ ಜಗತ್ಪ್ರಸಿದ್ಧ. ಮುಂದ 1980ರ ದಶಕದ ಆರಂಭದಾಗ ಅದೇ ಗಣಿಯ ಎರಡು ಕಿಲೋಮೀಟರಿಗಿಂತ ಹೆಚ್ಚು ಆಳದಾಗ ಪ್ರೋಟಾನ್ ಒಡೆದ ಹಂಗ ಕಾಣೋ ಕೆಲವು ಘಟನೆ ಸಿಕ್ಕಾವ ಅಂತ ವರದಿ ಆಯ್ತು. ಪ್ರೋಟಾನ್ ಒಡೀತದ ಅನ್ನೋದು ಅವಾಗಿನ ‘ಎಸ್‌ಯು ಫೈವ್’ ಅನ್ನೋ ಚಂದನ ಸಿದ್ಧಾಂತ ಹೇಳಿದ್ದು, ಗುರುತ್ವ ಒಂದು ಬಿಟ್ಟು ಉಳಿದ ಬಲಗಳನ್ನ ಒಂದು ಮಾಡೋ ಕನಸು ಅದು. ಅಮೆರಿಕ, ಜಪಾನಿನಾಗ ಇನ್ನೂ ದೊಡ್ಡ ನೀರಿನ ತೊಟ್ಟಿ ಕಟ್ಟಿ ಕಾದ್ರು, ಒಂದೂ ಒಡೀಲಿಲ್ಲ. ಆ ಸರಳ ಸಿದ್ಧಾಂತ ಹಂಗೇ ಸತ್ತಿತು. ಅದು ಕೊಲೈಡರ್ ಅಲ್ಲ, ಆದ್ರ ಓದೋ ಕ್ರಮ ಇದೇ.

ಇಲ್ಲಿ ತನಕ ಪ್ರಯೋಗದ ನಂಬರ್ ಮ್ಯಾಲೇ ಅನುಮಾನ ಪಟ್ಟೀವಿ, ಸಿದ್ಧಾಂತದ ನಂಬರ್ ಏನು ದೇವರ ವಾಕ್ಯ ಏನಲ್ಲ. ಮ್ಯುವಾನ್ ಜಿ-2 ಪ್ರಯೋಗ ನೋಡ್ರಿ. ಮ್ಯುವಾನ್ ಕಾಂತದಾಗ ತಿರುಗೋ ವೇಗ ಸಿದ್ಧಾಂತಕ್ಕ ಸರಿ ಹೊಂದ್ತಿಲ್ಲ ಅಂತ 2001ರಿಂದ ತಕರಾರು ಇತ್ತು. ನ್ಯೂಯಾರ್ಕ್ ಕಡಿಯಿಂದ ಆ ದೊಡ್ಡ ಮ್ಯಾಗ್ನೆಟ್ ಉಂಗುರನ್ನ 2013ರಾಗ ಹಡಗು ಲಾರಿ ಮ್ಯಾಲ ಹೇರಿಕೊಂಡು ಫರ್ಮಿಲ್ಯಾಬಿಗೆ ತಂದು ಮತ್ತ ಅಳದ್ರು, 2021ರ ಏಪ್ರಿಲ್‌ನಾಗ 4.2 ಸಿಗ್ಮಾ ಅಂದ್ರು. ಪ್ರಯೋಗದ ಅಳತಿ ಇವತ್ತಿಗೂ ಗಟ್ಟಿ ಅದ, 2025ರ ಜೂನಿನಾಗ ಕೊನೇ ಫಲಿತಾಂಶ ಬಂತು, ಮೊದ್ಲಿನದ್ದೇ ಇನ್ನೂ ಬಾರೀಕಾಗಿ. ಅಲ್ಲಾಡಿದ್ದು ಸಿದ್ಧಾಂತದ ನಂಬರ್. ಅದನ್ನ ಲೆಕ್ಕ ಮಾಡ್ಲಾಕ ಎಲೆಕ್ಟ್ರಾನ್ ಪಾಸಿಟ್ರಾನ್ ಕೊಲೈಡರ್‌ಗಳ ಹಳೆ ಡೇಟಾ ಬಳಸ್ತಿದ್ರು, 2023ರಾಗ ರಷ್ಯಾದ ನೊವೊಸಿಬಿರ್ಸ್ಕ್ ಕೊಲೈಡರಿನ ಸಿಎಂಡಿ-3 ತಂಡ ಬ್ಯಾರೆ ಡೇಟಾನೇ ಕೊಟ್ಟಿತು, ಅತ್ತಕಡಿ ಸೂಪರ್ ಕಂಪ್ಯೂಟರಿನಾಗ ಲ್ಯಾಟಿಸ್ ಅನ್ನೋ ವಿಧಾನದಿಂದ ಲೆಕ್ಕ ಹಾಕಿದವ್ರಿಗೆ ಪ್ರಯೋಗದ ಹತ್ರಾನೇ ಉತ್ತರ ಬಂತು. 2025ರ ಮೇ ತಿಂಗಳಾಗ ಸಿದ್ಧಾಂತದವ್ರ ಒಕ್ಕೂಟ ಲ್ಯಾಟಿಸ್ ಲೆಕ್ಕನ್ನೇ ಹಿಡಿದು ಹೊಸ ನಂಬರ್ ಕೊಟ್ಟ ಮ್ಯಾಲ ಅಂತರನೇ ಉಳೀಲಿಲ್ಲ. ಹಳೆ ಡೇಟಾ ಮತ್ತ ಹೊಸ ಡೇಟಾ ಯಾಕ ಕೂಡೂದಿಲ್ಲ ಅನ್ನೋ ಪ್ರಶ್ನೆ ಮಾತ್ರ ಹಂಗೇ ಕುಂತದ. ಹಂಗಾಗಿ ಸುದ್ದಿ ಓದೋ ಮುಂದ ‘ಸಿದ್ಧಾಂತದ ನಂಬರ್ ಯಾರು ಲೆಕ್ಕ ಮಾಡ್ಯಾರ, ಅದರ ಬಗ್ಗೆ ಸಿದ್ಧಾಂತದವ್ರಲ್ಲೇ ಒಮ್ಮತ ಅದನೋ ಇಲ್ಲೋ’ ಅಂತ ಒಂದು ಸಾಲು ಹುಡುಕ್ರಿ.

ಈಗ ನನಗ ಎಲ್ಲಾದಕ್ಕಿಂತ ಮುಖ್ಯ ಅನಸೂದು, ಯಾರೂ ಓದದೇ ಇರೋ ‘ಏನೂ ಸಿಗಲಿಲ್ಲ’ ಪ್ರಬಂಧ. ಅವುಗಳಾಗ ಒಂದು ಚಿತ್ರ ಬಂದೇ ಬರ್ತದ, ಹಸಿರು ಹಳದಿ ಪಟ್ಟಿ ಇರೋದು, ಬ್ರೆಜಿಲ್ ಬಾವುಟದ ಬಣ್ಣ ಅಂತ ಅದಕ್ಕ ಬ್ರೆಜಿಲ್ ಪ್ಲಾಟ್ ಅಂತಾರ. ಓದೂದು ಭಾಳ ಸರಳ. ಅಡ್ಡಕ್ಕ ನಾವು ಹುಡುಕ್ತಿರೋ ಕಣದ ತೂಕ, ಉದ್ದಕ್ಕ ಅದು ಎಷ್ಟರ ಮಟ್ಟಿಗೆ ಹುಟ್ಟಬಹುದು ಅನ್ನೋ ಪ್ರಮಾಣ. ಚುಕ್ಕಿ ಚುಕ್ಕಿ ಗೆರಿ ‘ಏನೂ ಇಲ್ಲ ಅಂದ್ರ ನಮ್ಮ ಮಿತಿ ಇಲ್ಲಿ ಬರಬೇಕು’ ಅಂತ ಮೊದ್ಲೇ ಹಾಕಿದ ಅಂದಾಜು, ಅದರ ಸುತ್ತ ಹಸಿರು ಒಂದು ಸಿಗ್ಮಾ, ಹಳದಿ ಎರಡು ಸಿಗ್ಮಾ. ಕಪ್ಪು ಗಟ್ಟಿ ಗೆರಿ ಖರೇ ಡೇಟಾದ್ದು. ಕಪ್ಪು ಗೆರಿ ಹಸಿರು ಹಳದಿಯೊಳಗೇ ಓಡ್ಯಾಡಿದ್ರ ಏನೂ ಇಲ್ಲ ಅಂತ. ಹಳದಿ ದಾಟಿ ಮ್ಯಾಲ ಎದ್ದಿತು ಅಂದ್ರ ಅಲ್ಲಿ ಕಣ್ಣಿಡ್ರಿ. ಇನ್ನೊಂದು ಗೆರಿ ಇರ್ತದ, ಓರಿ ಇಳಕೊಂಡು ಬರೂದು, ಅದು ಯಾವುದೋ ಒಂದು ಸಿದ್ಧಾಂತದ ಭವಿಷ್ಯ. ಆ ಗೆರಿ ಕಪ್ಪು ಗೆರಿಕಿಂತ ಎಲ್ಲೆಲ್ಲಿ ಮ್ಯಾಲ ಅದನೋ ಅಲ್ಲೆಲ್ಲಾ ಆ ಸಿದ್ಧಾಂತ ಹೊಡೆತ ತಿಂದದ, ಎರಡೂ ಕತ್ತರಿಸೋ ಬಿಂದುವಿನ ತೂಕದ ತನಕ ಆ ಕಣ ಇಲ್ಲ ಅಂತ 95 ಪರ್ಸೆಂಟ್ ಭರವಸೆಯಿಂದ ಹೇಳಬಹುದು.

ಸೂಪರ್‌ಸಿಮಿಟ್ರಿ ಅನ್ನೋ ಸಿದ್ಧಾಂತಕ್ಕ ಹೊಡೆತ ಬಿದ್ದದ್ದು ಇಂಥ ಚಿತ್ರಗಳಿಂದಾನೇ. ಪ್ರತಿ ಕಣಕ್ಕೂ ಒಂದು ಭಾರಿ ಜೋಡಿ ಕಣ ಅದ, ಅದರಾಗ ಒಂದು ಡಾರ್ಕ್ ಮ್ಯಾಟರ್ (ಬ್ರಹ್ಮಾಂಡದಾಗ ಕಣ್ಣಿಗೆ ಕಾಣದ ದ್ರವ್ಯ) ಆಗಿರಬಹುದು, ಹಿಗ್ಸ್ ಯಾಕ ಇಷ್ಟು ಹಗುರ ಅನ್ನೋದಕ್ಕೂ ಉತ್ತರ ಸಿಗ್ತದ, ಒಂದೇ ಕಲ್ಲಿಗೆ ಎರಡು ಹಕ್ಕಿ. ಎಲ್‌ಎಚ್‌ಸಿ ಶುರು ಆದ ಒಂದೆರಡು ವರ್ಷದಾಗೇ ಸಿಗ್ತದ ಅಂತ ಭಾಳ ಮಂದಿ ನಂಬಿದ್ರು. ಗ್ಲುಯಿನೋ ಅನ್ನೋ ಜೋಡಿ ಕಣ ಸರಳ ಮಾದರಿಗಳಾಗ 2 ಟಿಇವಿ ತನಕನೂ ಇಲ್ಲ ಅಂತ ಈಗ ತಿಳದದ. ಹಿಗ್ಸ್ 125 ಜಿಇವಿ ಬಂದದ್ದೂ ಅದಕ್ಕ ಸ್ವಲ್ಪ ಕಷ್ಟಾನೇ ಆಯ್ತು. ಮತ್ತ ಬಿ-ಎಸ್ ಅನ್ನೋ ಮೆಸಾನ್ ಎರಡು ಮ್ಯುವಾನ್ ಆಗಿ ಒಡೆಯೋದು ಭಾಳ ಅಪರೂಪ, ನೂರು ಕೋಟಿಗೆ ಮೂರು ಸಲ ಅಷ್ಟೇ ಅಂತ ಸ್ಟ್ಯಾಂಡರ್ಡ್ ಮಾಡೆಲ್ ಹೇಳ್ತಿತ್ತು, ಸೂಪರ್‌ಸಿಮಿಟ್ರಿಯ ಎಷ್ಟೋ ಮಾದರಿಗಳು ಅದಕ್ಕಿಂತ ಭಾಳ ಜಾಸ್ತಿ ಹೇಳ್ತಿದ್ದವು. ಅಳದ್ರ ಮೂರರ ಹತ್ರಾನೇ ಬಂತು. ಯಾರೂ ಪಟಾಕಿ ಹೊಡೀಲಿಲ್ಲ, ಆದ್ರ ಅವತ್ತು ಎಷ್ಟೋ ಮಾದರಿಗಳ ಬಾಗಿಲು ಮುಚ್ಚಿತು. ಸೂಪರ್‌ಸಿಮಿಟ್ರಿ ಪೂರಾ ಸತ್ತದ ಅಂತ ಅನ್ನಬ್ಯಾಡ್ರಿ, ಇನ್ನೂ ಭಾರಿ ತೂಕದ ಕಡಿ ಸರಕೊಂಡು ಕುಂತದ. ಆದ್ರ ಅಷ್ಟು ದೂರ ಸರಿದ ಮ್ಯಾಲ ಹಿಗ್ಸ್ ಹಗುರ ಇರೂದಕ್ಕ ಅದು ಕೊಡ್ತಿದ್ದ ಚಂದನ ಉತ್ತರದ ಬಲನೇ ಹೋಗ್ತದ, ನನ್ನ ಲೆಕ್ಕದಾಗ ಖರೇ ಸೋಲು ಅದು.

ಬ್ರಹ್ಮಾಂಡ ಎಲ್ಲಿ ಬಂತ್ರಿ ಇದರಾಗ ಅಂತೀರೇನು? ಕೊಲೈಡರ್ ಆಕಾಶ ನೋಡಂಗಿಲ್ಲ ಖರೆ, ಆದ್ರ ಬ್ರಹ್ಮಾಂಡ ಹುಟ್ಟಿದ ಹೊತ್ತಿನಾಗ ಇದ್ದ ಪರಿಸ್ಥಿತಿಯನ್ನ ಸಣ್ಣ ಜಾಗದಾಗ ಮತ್ತ ಮಾಡಿ ತೋರಸ್ತದ. ಎರಡು ಕಡಿ ಇದು ನೇರ ಬ್ರಹ್ಮಾಂಡದ ಲೆಕ್ಕಕ್ಕೇ ಕೈ ಹಾಕ್ಯದ. ಒಂದು, ಲೆಪ್ ಯಂತ್ರ ಜೆಡ್ ಬೋಸಾನ್ ಒಡಿಯೋದನ್ನ ಅಳದು ಹಗುರ ನ್ಯೂಟ್ರಿನೋ ಜಾತಿ 2.984, ಪ್ಲಸ್ ಮೈನಸ್ 0.008, ಅಂದ್ರ ಮೂರೇ ಮೂರು ಅಂತ ಹೇಳಿತು. ನ್ಯೂಟ್ರಿನೋ ಜಾತಿ ಹೆಚ್ಚಿದ್ರ ಆರಂಭದ ಬ್ರಹ್ಮಾಂಡ ಇನ್ನೂ ಜೋರಾಗಿ ಹಿಗ್ಗಬೇಕು, ಹೀಲಿಯಂ ಇನ್ನೂ ಜಾಸ್ತಿ ಹುಟ್ಟಬೇಕು. ಆಕಾಶದಾಗ ಕಾಣೋ ಹೀಲಿಯಂ ಪ್ರಮಾಣಕ್ಕೂ ನೆಲದ ಕೆಳಗಿನ ಉಂಗುರದಾಗ ಎಣಿಸಿದ ನಂಬರಿಗೂ ಹೊಂದಿಕಿ ಆಯ್ತು. ಎರಡು, ಅಮೆರಿಕದ ಬ್ರೂಕ್‌ಹೇವನ್‌ನಾಗ ರಿಕ್ ಅನ್ನೋ ಕೊಲೈಡರ್ ಚಿನ್ನದ ನ್ಯೂಕ್ಲಿಯಸ್‌ಗಳನ್ನ ಡಿಕ್ಕಿ ಹೊಡಸಿ ಪ್ರೋಟಾನ್ ನ್ಯೂಟ್ರಾನ್ ಒಳಗಿರೋ ಕ್ವಾರ್ಕ್ ಗ್ಲುವಾನ್ ಬಿಡಿ ಬಿಡಿ ಆಗೋ ಸ್ಥಿತಿ ತಂದಿತು, ಬ್ರಹ್ಮಾಂಡ ಹುಟ್ಟಿ ಕೆಲವೇ ಮೈಕ್ರೋಸೆಕೆಂಡ್ ಆದಾಗ ಇದ್ದ ಸ್ಥಿತಿ ಅದು. ಅನಿಲದ ಹಂಗ ಇರ್ತದ ಅಂತ ಬಹಳಷ್ಟು ಮಂದಿ ಅಂದುಕೊಂಡಿದ್ರು, 2005ರಾಗ ಫಲಿತಾಂಶ ಹೊರಗ ಬಂದಾಗ ನೋಡಿದ್ರ ದ್ರವ, ಅದೂ ಒಳಗಿನ ತಿಕ್ಕಾಟ ಹೆಚ್ಚು ಕಮ್ಮಿ ಇಲ್ಲದೇ ಹರಿಯೋ ದ್ರವ. ಎಲ್‌ಎಚ್‌ಸಿಯೊಳಗ ಸೀಸ ಡಿಕ್ಕಿ ಹೊಡಸಿದಾಗಲೂ ಹಂಗೇ ಕಂಡಿತು. ಅಂದುಕೊಂಡಿದ್ದ ಚಿತ್ರ ಖರೇನೇ ಬದಲಾದದ್ದು ಅಂದ್ರ ಇದು, ಎರಡು ಯಂತ್ರದಾಗೂ ಕಂಡದ, ಇನ್ನೂ ಮಾಯ ಆಗಿಲ್ಲ.

ಹಿಗ್ಸ್ ತೂಕದಿಂದ ‘ಬ್ರಹ್ಮಾಂಡ ಯಾವಾಗ ಬೇಕಾದ್ರೂ ನಾಶ’ ಅಂತ ಬರೋ ಸುದ್ದಿ ಬಗ್ಗೆ ಒಂದೇ ಮಾತು. ಹಿಗ್ಸ್ ಮತ್ತ ಟಾಪ್ ಕ್ವಾರ್ಕ್ ತೂಕ ಹಾಕಿ, ಮಧ್ಯ ಬ್ಯಾರೆ ಯಾವ ಹೊಸ ಕಣನೂ ಇಲ್ಲ ಅಂತ ಹಿಡಿದು ಲೆಕ್ಕ ಮಾಡಿದ್ರ ನಿರ್ವಾತ ಪೂರಾ ಗಟ್ಟಿ ಇಲ್ಲ ಅಂತ ಬರ್ತದ, ಆದ್ರ ಅದೇ ಲೆಕ್ಕದ ಪ್ರಕಾರ ಅದು ಕುಸೀಲಾಕ ಬೇಕಾದ ಕಾಲ ಬ್ರಹ್ಮಾಂಡದ ಈಗಿನ ವಯಸ್ಸಿಗಿಂತ ಎಷ್ಟೋ ಪಟ್ಟು ಹೆಚ್ಚು. ತೊಗರಿ ಬಿತ್ತೂದು ನಿಲ್ಲಸೂದು ಬ್ಯಾಡ.

ಇನ್ನ ಎಲ್ಲಿ ನೋಡಬೇಕು ಅನ್ನೋದು. ಸುದ್ದಿ ಬಂದ್ರ ಆರ್ಕೈವ್ (arXiv) ಅನ್ನೋ ಫ್ರೀ ಜಾಲತಾಣದಾಗ ಪ್ರಯೋಗದ ವಿಭಾಗಕ್ಕ ಹೋಗಿ ಮೂಲ ಪ್ರಬಂಧದ ಸಾರಾಂಶ ಮಾತ್ರ ಓದ್ರಿ, ಎಂಟ್ಹತ್ತು ಸಾಲು ಇರ್ತದ, ನಂಬರ್ ಅಲ್ಲೇ ಇರ್ತಾವ. ಸಾರಾಂಶದ ಕೊನೇ ಸಾಲು ಮೊದ್ಲು ನೋಡ್ರಿ, ‘ಸ್ಟ್ಯಾಂಡರ್ಡ್ ಮಾಡೆಲ್‌ಗೆ ಹೊಂದ್ತದ’ ಅಂತ ಅಲ್ಲಿ ಬರದದ್ದು ಕಂಡ್ರ ನಿಮ್ಮ ಪೇಪರಿನವ್ರು ಅದನ್ನ ಓದಿಲ್ಲ ಅಂತ ತಿಳ್ಕೊಳ್ರಿ. ಇಂಗ್ಲಿಷ್ ಕಷ್ಟ ಅನಸಿದ್ರ ಕಡಗಂಚಿಯ ಸೆಂಟ್ರಲ್ ಯೂನಿವರ್ಸಿಟಿಯೊಳಗೋ ಗುಲಬರ್ಗಾ ಯೂನಿವರ್ಸಿಟಿಯೊಳಗೋ ಫಿಸಿಕ್ಸ್ ಎಂಎಸ್ಸಿ ಮಾಡ್ಲಾಕತ್ತಿರೋ ಯಾರನ್ನರ ಹಿಡೀರಿ, ‘ಅಣ್ಣಾ, ಇದೊಂದು ಸಾಲು ಬಿಡಿಸಿ ಹೇಳೋ’ ಅಂದ್ರ ಹೇಳ್ತಾರ. ಈಗ ಕಣ್ಣಿಡಬೇಕಾದದ್ದು ಯಾವುದು ಅಂತ ಕೇಳಿದ್ರ, ಜಪಾನಿನ ಬೆಲ್-2 ಪ್ರಯೋಗ 2023ರಾಗ ಬಿ ಮೆಸಾನ್ ಒಡೆದು ಕೇಯಾನ್ ಜೊತಿ ಎರಡು ನ್ಯೂಟ್ರಿನೋ ಬರೂದು ಸಿದ್ಧಾಂತಕ್ಕಿಂತ ಜಾಸ್ತಿ ಕಂಡದ ಅಂದದ, 2.7 ಸಿಗ್ಮಾ. ಇಷ್ಟೊತ್ತಿಗೆ ನಿಮಗ ಗೊತ್ತಾಗಿರಬೇಕು, 2.7 ಅಂದ್ರ ಕಾಯೋ ನಂಬರ್, ಕುಣಿಯೋ ನಂಬರ್ ಅಲ್ಲ. ಎಲ್‌ಎಚ್‌ಸಿಯ ಅಪ್‌ಗ್ರೇಡ್ ಆದ ಯಂತ್ರ 2030ರ ಹೊತ್ತಿಗೆ ಶುರು ಆಗೋ ಯೋಜನಿ ಅದ, ಹಿಗ್ಸ್ ತನ್ನ ಜೊತಿ ತಾನೇ ಹೆಂಗ ವ್ಯವಹಾರ ಮಾಡ್ತದ ಅನ್ನೋದನ್ನ ಸರಿಯಾಗಿ ಅಳಿಯೂದು ಅವಾಗೇ.

ಓದೂದು ಸಾಕಾಗಿ ಕೈಯಿಂದ ಮಾಡಿ ನೋಡಬೇಕು ಅನಸಿದ್ರ ಸರ್ನ್ ಓಪನ್ ಡೇಟಾ ಅನ್ನೋ ತಾಣ ಅದ, 2014ರಿಂದ ಖರೇ ಡಿಕ್ಕಿಯ ಡೇಟಾ ಎಲ್ಲರಿಗೂ ಫ್ರೀ ಇಟ್ಟಾರ. ದೊಡ್ಡ ಫೈಲ್ ಮುಟ್ಟಬ್ಯಾಡ್ರಿ, ಮೊಬೈಲ್ ಡೇಟಾ ಒಂದೇ ದಿನದಾಗ ಖಾಲಿ ಆಗ್ತದ. ಶಿಕ್ಷಣಕ್ಕಂತ ಸಿಎಂಎಸ್‌ನವ್ರು ಇಟ್ಟ ಡೈಮ್ಯುವಾನ್ ಸಿಎಸ್‌ವಿ ಫೈಲ್ ಇಳಿಸ್ಕೊಳ್ರಿ, ಸುಮಾರು ಒಂದು ಲಕ್ಷ ಘಟನೆ ಅದರಾಗ ಅವ, ಎಕ್ಸೆಲ್‌ನಾಗ ತೆರೀತದ. ‘ಎಂ’ ಅಂತ ಒಂದು ಕಾಲಂ ಇರ್ತದ, ಎರಡು ಮ್ಯುವಾನ್ ಸೇರಿಸಿದ ತೂಕ ಅದು. ಆ ಕಾಲಂಗೆ ಹಿಸ್ಟೋಗ್ರಾಂ ಹಾಕ್ರಿ. 3.1 ಜಿಇವಿ ಹತ್ರ ಜೆ-ಸೈ, 9.5 ಹತ್ರ ಅಪ್ಸಿಲಾನ್, 91 ಹತ್ರ ಜೆಡ್ ಎದ್ದು ನಿಲ್ತಾವ, ಒಂದು ಕಾಲಕ್ಕ ನೊಬೆಲ್ ತಂದ ಜೆ-ಸೈ, ಜೆಡ್ ಉಬ್ಬುಗಳು ನಿಮ್ಮ ಲ್ಯಾಪ್‌ಟಾಪಿನಾಗ. ಆಮ್ಯಾಲ 20ರಿಂದ 60ರ ನಡುವಿನ ಸಪ್ಪಗಿನ ಭಾಗಕ್ಕ ಬರ್ರಿ, ಅಲ್ಲಿ ಯಾವ ಕಣನೂ ಇಲ್ಲ. ಬಿನ್ ಅಗಲ ಒಂದು ಸಲ ಎರಡು ಜಿಇವಿ ಇಡ್ರಿ, ಒಂದು ಸಲ ಅರ್ಧ ಇಡ್ರಿ, ಒಂದು ಸಲ ಶುರುವಿನ ಜಾಗ ಸ್ವಲ್ಪ ಸರಸ್ರಿ, ಪ್ರತಿ ಸಲಕ್ಕೂ ಎಲ್ಲೋ ಒಂದು ಕಡಿ ಸಣ್ಣ ಉಬ್ಬು ಏಳ್ತದ, ಮುಂದಿನ ಸಲ ಹೋಗ್ತದ. ಜೆಡ್ ಮಾತ್ರ ನೀವು ಏನು ಮಾಡಿದ್ರೂ ಅಲ್ಲೇ ಇರ್ತದ.